ಹಣೆಯ ಹಿಂದಿನ ಮೆದುಳು: ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗಳು

ಕುಮಟಾದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ನನ್ನ ಹತ್ತಿರ ಜನ ಬರುವುದು ಕೈಗೋ ಕಾಲಿಗೋ. ಲಕ್ವ ಹೊಡೆದವರು, ಘಟ್ಟದ ತಿರುವಿನಲ್ಲಿ ಬೈಕಿನಿಂದ ಬಿದ್ದವರು, ಅಡಿಕೆ ಕೊನೆ ಕೊಯ್ಯುವಾಗ ಮರದಿಂದ ಜಾರಿದ ಕೊನೆಗೌಡರು, ಬೋಟಿನಲ್ಲಿ ಹಗ್ಗ ಬಡಿದು ತಲೆ ಒಡೆದುಕೊಂಡವರು. ವ್ಯಾಯಾಮ ಮುಗಿಸಿ ರೋಗಿ ಅಂಗಳಕ್ಕೆ ಇಳಿದ ಮೇಲೆ ಮನೆಯವರೊಬ್ಬರು ಚಪ್ಪಲಿ ಹುಡುಕುವ ನೆವದಲ್ಲಿ ಹಿಂದೆ ಉಳಿಯುತ್ತಾರೆ. "ತಂಗಿ, ಒಂದು ಮಾತು ಕೇಳ್ಲಾ?" ಆ ಮಾತು ಕೈಕಾಲಿನದಾಗಿರುವುದಿಲ್ಲ. ಹಾಗೆ ಮತ್ತೆ ಮತ್ತೆ ಕೇಳಿಸಿಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಗುರುತು ಸಿಗಬಾರದೆಂದು ಊರು, ಸಂಬಂಧ ಅಲ್ಲಲ್ಲಿ ಬದಲಿಸಿದ್ದೇನೆ. ನಾನು ನರರೋಗದ ಡಾಕ್ಟರಲ್ಲ, ಹಾಗಾಗಿ ಮಾತ್ರೆಯ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿಲ್ಲ.

ಸ್ಕ್ಯಾನ್ ರಿಪೋರ್ಟಿನಲ್ಲಿ 'ಫ್ರಂಟಲ್ ಲೋಬ್' ಅಂತ ಬರೆದಿದೆ. ಅದು ತಲೆಯಲ್ಲಿ ಎಲ್ಲಿ?

ಹಣೆಯ ಮೇಲೆ ಅಂಗೈ ಇಟ್ಟುಕೊಳ್ಳಿ. ಅದರ ಹಿಂದೆ, ಹುಬ್ಬಿನ ಮಟ್ಟದಿಂದ ಶುರುವಾಗಿ ಹೆಚ್ಚುಕಡಿಮೆ ನಡುನೆತ್ತಿಯ ತನಕ, ಎಡಕ್ಕೊಂದು ಬಲಕ್ಕೊಂದು ಇರುವುದೇ ಅದು. ಪುಸ್ತಕದ ಕನ್ನಡದಲ್ಲಿ ಮುಂಭಾಗದ ಹಾಲೆ. ಶಿರಸಿ ಕಡೆಯ ಹಿರಿಯರೊಬ್ಬರು ಇದನ್ನು 'ಹಾಳೆ' ಎಂದು ಓದಿಕೊಂಡು, ಅಡಿಕೆ ಹಾಳೆಯ ಹಾಗೆ ಮೆದುಳಿಗೆ ಹೊದಿಕೆಯೇನು ಎಂದು ಕೇಳಿದ್ದರು. ಅಲ್ಲ, ಕಿವಿಯ ಹಾಲೆ ಎನ್ನುತ್ತೇವಲ್ಲ, ಆ ಹಾಲೆ. ಮೆದುಳಿನ ಹೊರಪದರದ ಸುಮಾರು ಮೂರನೇ ಒಂದು ಪಾಲು ಇದರದೇ.

ಅದರ ಹಿಂಬದಿಯ ಅಂಚಿನ ಪಟ್ಟಿ ಕೈಕಾಲು ಆಡಿಸುತ್ತದೆ. ಎಡಗಡೆಯದು ಮೈಯ ಬಲಭಾಗವನ್ನು, ಬಲಗಡೆಯದು ಎಡಭಾಗವನ್ನು. ಅಲ್ಲಿ ಪೆಟ್ಟಾದರೆ ಕೈ ಬಿದ್ದುಹೋಗುತ್ತದೆ, ಯಾರಿಗಾದರೂ ಕಾಣುತ್ತದೆ. ಅದಕ್ಕೂ ಮುಂದೆ, ಹಣೆಗೆ ತಾಗಿಕೊಂಡಂತೆ ಇರುವ ದೊಡ್ಡ ಪಾಲಿಗೆ ಪ್ರಿಫ್ರಂಟಲ್ ಎಂದು ಹೆಸರು. ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗಳೆಲ್ಲ ಹುಟ್ಟುವುದು ಅಲ್ಲಿ.

ಯಕ್ಷಗಾನ ನೋಡುವವರಿಗೆ ನಾನು ಹೀಗೆ ಹೇಳುತ್ತೇನೆ: ಚೌಕಿಯಲ್ಲಿ ವೇಷಗಳೆಲ್ಲ ಸಿದ್ಧ, ಚೆಂಡೆ ಮದ್ದಳೆಯವರು ಕೂತಿದ್ದಾರೆ, ಭಾಗವತರೊಬ್ಬರಿಲ್ಲ. ಯಾವ ವೇಷ ಯಾವಾಗ ಬರಬೇಕು, ಕುಣಿತ ಎಷ್ಟು ಹೊತ್ತು, ಅರ್ಥ ಉದ್ದವಾದಾಗ ಎಲ್ಲಿ ಪದ ಎತ್ತಿ ಕಡಿಯಬೇಕು, ಇದನ್ನೆಲ್ಲ ನೋಡುವವರು ಭಾಗವತರು. ಅವರಿಲ್ಲದಿದ್ದರೆ ಯಾರ ವಿದ್ಯೆಯೂ ಕಡಿಮೆಯಾಗಿರುವುದಿಲ್ಲ, ಆದರೆ ಆಟ ಮಾತ್ರ ಆಗುವುದಿಲ್ಲ.

ನಡೆಯುತ್ತಾರೆ, ಮಾತಾಡುತ್ತಾರೆ, ಹಳೆಯದೆಲ್ಲ ನೆನಪಿದೆ. ಹಾಗಾದರೆ ಹಾಳಾಗಿದ್ದು ಏನು?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳುವುದಕ್ಕಿಂತ ತೋರಿಸುವುದು ಸುಲಭ. ಮೇಜಿನ ಮೇಲೆ ಮೊದಲು ಮುಷ್ಟಿ ಇಡಿ, ಆಮೇಲೆ ಅಂಗೈಯ ಅಂಚು, ಆಮೇಲೆ ಅಂಗೈ ಚಪ್ಪಟೆ. ಮುಷ್ಟಿ, ಅಂಚು, ಅಂಗೈ. ಇದನ್ನೇ ಮತ್ತೆ ಮತ್ತೆ ಮಾಡಬೇಕು. ಎರಡನೇ ಮಹಾಯುದ್ಧದಲ್ಲಿ ತಲೆಗೆ ಗುಂಡು ತಗುಲಿದ ಸೈನಿಕರನ್ನು ನೋಡಿಕೊಂಡ ರಷ್ಯಾದ ಅಲೆಕ್ಸಾಂಡರ್ ಲೂರಿಯಾ ಬಳಕೆಗೆ ತಂದ ಪರೀಕ್ಷೆ ಇದು.

ಮರದಿಂದ ಬಿದ್ದ ಒಬ್ಬ ಕೊನೆಗೌಡರಿಗೆ ಇದನ್ನು ಮಾಡಿಸಿದೆ. ಬೆರಳಿನ ಬಲ ಪೂರ್ತಿ ವಾಪಸು ಬಂದಿತ್ತು, ನನ್ನ ಕೈ ಹಿಡಿದರೆ ನೋಯುವಷ್ಟು. ಎರಡು ಸುತ್ತು ಸರಿಯಾಗಿ ಮಾಡಿದರು. ಮೂರನೆಯದಕ್ಕೆ ಮುಷ್ಟಿ, ಮುಷ್ಟಿ, ಅಂಗೈ. ಬಾಯಿ ಮಾತ್ರ ತಪ್ಪದೆ "ಮುಷ್ಟಿ, ಅಂಚು, ಅಂಗೈ" ಎಂದೇ ಹೇಳುತ್ತಿತ್ತು. ತಪ್ಪಿದ್ದು ಅವರಿಗೇ ಕಾಣುತ್ತಿತ್ತು. "ಹೋ, ತಪ್ಪಿತು" ಎಂದು ನಕ್ಕರು, ಮತ್ತೆ ಮುಷ್ಟಿಯನ್ನೇ ಇಟ್ಟರು. ಅವರ ಹೆಂಡತಿ ಪಕ್ಕದಲ್ಲೇ ಕೂತಿದ್ದರು. ಆರು ತಿಂಗಳಿಂದ ಮನೆಯಲ್ಲಿ ನಡೆಯುತ್ತಿದ್ದ ಜಗಳದ ಮೂಲ ಅವರಿಗೆ ಆವತ್ತು ಮೇಜಿನ ಮೇಲೆ ಕಂಡಿತು. "ಹೇಳಿದ್ದಕ್ಕೆಲ್ಲ ಹೂಂ ಅಂತ್ರು, ಮಾಡೂದಿಲ್ಲ. ನಾನು ಹಟ ಅಂದ್ಕಂಡಿದ್ದೆ" ಎಂದರು.

ಗೊತ್ತಿರುವುದು ಒಂದು, ಗೊತ್ತಿದ್ದಂತೆ ಮಾಡುವುದು ಇನ್ನೊಂದು. ಪ್ರಿಫ್ರಂಟಲ್ ಭಾಗ ಇವೆರಡರ ನಡುವಿನ ಕೊಂಡಿ. ಮುಂದಿನದನ್ನು ಯೋಚಿಸುವುದು, ಮನಸ್ಸಿನಲ್ಲಿ ಎರಡು ವಿಷಯ ಹಿಡಿದುಕೊಂಡು ಮೂರನೆಯದು ಮಾಡುವುದು, ಒಂದರಿಂದ ಇನ್ನೊಂದಕ್ಕೆ ಹೊರಳುವುದು, ನಾಲಿಗೆಗೆ ಬಂದದ್ದನ್ನು ತಡೆಯುವುದು, ಎಲ್ಲವೂ ಅಲ್ಲಿನ ಕೆಲಸ.

ಅಡುಗೆಮನೆಯ ಉದಾಹರಣೆ ಇದಕ್ಕಿಂತಲೂ ಚೆನ್ನಾಗಿದೆ. ಮಾಂಟ್ರಿಯಲ್‌ನ ಹೆಸರಾಂತ ನರಶಸ್ತ್ರಜ್ಞ ವೈಲ್ಡರ್ ಪೆನ್‌ಫೀಲ್ಡ್ 1928ರಲ್ಲಿ ತನ್ನ ಸ್ವಂತ ಅಕ್ಕನ ಮೆದುಳಿನ ಗಡ್ಡೆ ತೆಗೆದರು. ಬಲಗಡೆಯ ಮುಂಭಾಗದ ಹಾಲೆಯ ಬಹುಪಾಲು ಅದರ ಜೊತೆಗೇ ಹೋಯಿತು. ಅಕ್ಕ ಚೇತರಿಸಿಕೊಂಡರು. ಮಾತು, ನಗು, ಮರ್ಯಾದೆ ಎಲ್ಲ ಮೊದಲಿನಂತೆಯೇ. ಸುಮಾರು ಒಂದೂಕಾಲು ವರ್ಷದ ಬಳಿಕ ಮನೆಯ ನಾಲ್ವರಿಗೂ ಬಂದ ಒಬ್ಬ ಅತಿಥಿಗೂ ರಾತ್ರಿಯೂಟ ಮಾಡುತ್ತೇನೆಂದು ಆಕೆ ಹೊರಟರು. ಊಟದ ಹೊತ್ತಿಗೆ ನೋಡಿದರೆ ಸಾಮಾನೆಲ್ಲ ಅಲ್ಲೇ ಇತ್ತು, ಒಂದೆರಡು ಪಾತ್ರೆ ಒಲೆಯ ಮೇಲಿತ್ತು, ಮಾಂಸ ಬೇಯಲು ಇಟ್ಟೇ ಇರಲಿಲ್ಲ. ಗಂಟೆಗಟ್ಟಲೆ ಒಬ್ಬರೇ ಒದ್ದಾಡಿ ಸುಸ್ತಾಗಿ ಆಕೆ ಕಂಗಾಲಾಗಿದ್ದರು. ಇನ್ನೊಬ್ಬರು ಜೊತೆಗೆ ನಿಂತು ಮುಂದಿನದು ಇದು, ಆಮೇಲಿನದು ಅದು ಎಂದರೆ ಎಲ್ಲವನ್ನೂ ಮಾಡಬಲ್ಲವರಾಗಿದ್ದರು. 1935ರಲ್ಲಿ ಪೆನ್‌ಫೀಲ್ಡ್ ಇದನ್ನು ಲೇಖನವಾಗಿ ಬರೆದರು.

ನಮ್ಮಲ್ಲಿ ಹತ್ತು ಜನರಿಗೆ ಬಡಿಸುವ ಮನೆಯ ಹೆಂಗಸಿಗೆ ಇದನ್ನು ವಿವರಿಸಬೇಕಾಗಿಲ್ಲ. ಅನ್ನಕ್ಕೆ ಇಟ್ಟು ಕಾಯಿ ತುರಿದು, ಅಪ್ಪೆಹುಳಿಗೆ ಒಗ್ಗರಣೆ ಕೊನೆಗೆ ಎಂದು ಬದಿಗಿಟ್ಟು, ನಡುವೆ ಹಾಲು ಉಕ್ಕದಂತೆ ನೋಡುವ ಕೆಲಸಕ್ಕೆ ರುಚಿ ಗೊತ್ತಿದ್ದರೆ ಸಾಲದು.

"ಮೊದ್ಲು ಹಿಂಗಿರ್ಲಿಲ್ಲೆ." ಅಪಘಾತದ ಮೇಲೆ ಮನುಷ್ಯನೇ ಬೇರೆಯಾಗಲು ಸಾಧ್ಯವೇ?

ಸಾಧ್ಯ. ಹಣೆಯ ಅಡಿಭಾಗ, ಅಂದರೆ ಕಣ್ಣುಗುಳಿಯ ಮೇಲೆ ಕೂತಿರುವ ಪಾಲಿಗೆ ಪೆಟ್ಟಾದವರಲ್ಲಿ ಇದು ಹೆಚ್ಚು. ನಾಚಿಕೆ ಸ್ವಭಾವದವರು ಮದುವೆ ಮನೆಯಲ್ಲಿ ಅಶ್ಲೀಲ ತಮಾಷೆ ಮಾಡುತ್ತಾರೆ. ಲೆಕ್ಕದ ಮನುಷ್ಯ ಕೇಳಿದವರಿಗೆಲ್ಲ ಸಾಲ ಕೊಡುತ್ತಾನೆ. ಸಿಟ್ಟು ಬೆಂಕಿಕಡ್ಡಿಯಂತೆ ಹತ್ತಿ ಐದು ನಿಮಿಷಕ್ಕೆ ಆರುತ್ತದೆ, ಆರಿದ್ದು ಅವರಿಗೆ ಮರೆತೂ ಹೋಗುತ್ತದೆ, ಬೈಸಿಕೊಂಡವರಿಗೆ ಮರೆಯುವುದಿಲ್ಲ. ಭಾಗವತರು ಕೂತಿದ್ದಾರೆ, ಆದರೆ ಯಾರನ್ನೂ ನಿಲ್ಲಿಸುತ್ತಿಲ್ಲ ಎಂದುಕೊಳ್ಳಿ.

ಎಲ್ಲ ಪಠ್ಯಪುಸ್ತಕಗಳಲ್ಲಿ ಬರುವ ಹೆಸರು ಫಿನಿಯಾಸ್ ಗೇಜ್. ಅಮೆರಿಕದ ವರ್ಮಾಂಟ್‌ನಲ್ಲಿ ರೈಲುಹಳಿಗಾಗಿ ಬಂಡೆ ಸಿಡಿಸುವ ತಂಡದ ಮೇಸ್ತ್ರಿ, ವಯಸ್ಸು 25. ಕೊಂಕಣ ರೈಲ್ವೆಗೆ ಗುಡ್ಡ ಒಡೆಯುವಾಗ ಕಂಡವರಿಗೆ ಇಂಥ ಕೆಲಸ ಗೊತ್ತಿರುತ್ತದೆ. 1848ರ ಸೆಪ್ಟೆಂಬರ್ 13ರಂದು ಕುಳಿಯಲ್ಲಿ ತುಂಬಿದ ಮದ್ದು ಸಿಡಿದು, ಅದನ್ನು ಗಿಡಿಯುವ ಕಬ್ಬಿಣದ ಸಲಾಕೆ ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಸಲಾಕೆಯ ಉದ್ದ ಒಂದು ಮೀಟರಿಗೂ ಹೆಚ್ಚು, ತೂಕ ಆರು ಕೆಜಿ. ಆತ ಸಾಯಲಿಲ್ಲ. ಸ್ವಲ್ಪ ಹೊತ್ತಿಗೇ ಮಾತಾಡಿದ, ಗಾಡಿಯಲ್ಲಿ ಕೂತು ಊರಿಗೆ ಬಂದ. ಚಿಕಿತ್ಸೆ ಮಾಡಿದ ಜಾನ್ ಹಾರ್ಲೋ ಎಂಬ ಡಾಕ್ಟರು 1868ರಲ್ಲಿ ಬರೆದದ್ದರ ಸಾರ: ನಂಬಿಕಸ್ಥ ಮೇಸ್ತ್ರಿಯಾಗಿದ್ದವನು ಚಂಚಲನೂ ಒರಟನೂ ಆದ, ಸ್ನೇಹಿತರಿಗೆ ಅವನು ಗೇಜ್ ಅನ್ನಿಸಲೇ ಇಲ್ಲ.

ಕತೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಂದಿನದೇ ಮುಖ್ಯ. ಗೇಜ್ ಆಮೇಲೆ ದಕ್ಷಿಣ ಅಮೆರಿಕದ ಚಿಲಿಗೆ ಹೋಗಿ ವರ್ಷಗಟ್ಟಲೆ ಕುದುರೆಗಾಡಿ ಓಡಿಸಿದ. ಹೊತ್ತಿಗೆ ಸರಿಯಾಗಿ ಎದ್ದು, ಕುದುರೆ ನೋಡಿಕೊಂಡು, ಪ್ರಯಾಣಿಕರನ್ನು ಹತ್ತಿಸಿಕೊಂಡು ಹೋಗುವ ಕೆಲಸ ಹುಚ್ಚನ ಕೈಯಲ್ಲಿ ಆಗುವಂಥದ್ದಲ್ಲ. 1860ರಲ್ಲಿ ಫಿಟ್ಸ್‌ನಿಂದ ತೀರಿಕೊಂಡ. ನಿತ್ಯ ಒಂದೇ ದಾರಿ, ಒಂದೇ ಹೊತ್ತು, ಒಂದೇ ಕೆಲಸ: ಆ ಕಟ್ಟುಪಾಡೇ ಅವನನ್ನು ಎತ್ತಿ ನಿಲ್ಲಿಸಿತು ಎಂದು ಹಲವು ಸಂಶೋಧಕರು ಈಗ ಭಾವಿಸುತ್ತಾರೆ. ನನಗೂ ಹಾಗೆಯೇ ಅನ್ನಿಸುತ್ತದೆ.

ದಿನವಿಡೀ ಕುರ್ಚಿಯಲ್ಲಿ ಕೂತಿರುತ್ತಾರೆ. ಇದು ಸೋಮಾರಿತನವೋ, ಕಾಯಿಲೆಯೋ?

ಹೊನ್ನಾವರ ಕಡೆಯ ಮೀನುಗಾರರೊಬ್ಬರು. ಪೆಟ್ಟಾಗಿ ಒಂದೂವರೆ ವರ್ಷದ ಮೇಲೆ, ಡಾಕ್ಟರು ಒಪ್ಪಿದ ಬಳಿಕ ಬೋಟಿಗೆ ಹೋಗತೊಡಗಿದರು. ಅಲ್ಲಿ ಯಾರ ದೂರೂ ಇರಲಿಲ್ಲ. ಬೋಟಿನ ಮುಖ್ಯಸ್ಥ ತಾಂಡೇಲ ಬಲೆ ಬಿಡು ಎಂದರೆ ಬಿಟ್ಟರು, ಎಳೆ ಎಂದರೆ ಎಳೆದರು. ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರುವಾಗಿ ಬೋಟು ದಡಕ್ಕೆ ಬಿತ್ತು. ಆ 61 ದಿನ ಮನೆಯಲ್ಲಿ ಅವರು ತಾವಾಗಿ ಒಂದು ಕೊಡ ನೀರು ಎತ್ತಲಿಲ್ಲ. ಒಣಗಿದ ಬಟ್ಟೆ ಕಣ್ಣೆದುರೇ ಮಳೆಗೆ ನೆನೆಯುತ್ತಿದ್ದರೂ ನೋಡುತ್ತ ಕೂತರು. ಅಮ್ಮ "ಬಟ್ಟೆ ತೆಗಿಯಾ" ಎಂದ ಕೂಡಲೇ ಎದ್ದು ತೆಗೆದರು.

ಸೋಮಾರಿ ಹೇಳಿದರೂ ಏಳುವುದಿಲ್ಲ, ನೆಪ ಹೇಳುತ್ತಾನೆ, ತನಗೆ ಬೇಕಾದ್ದಕ್ಕೆ ಮಾತ್ರ ಏಳುತ್ತಾನೆ. ಎರಡು ಹಾಲೆಗಳು ನಡುವೆ ಎದುರುಬದುರಾಗುವ ಒಳಮೈಯಲ್ಲಿ ಪೆಟ್ಟಾದವರಿಗೆ ಶುರು ಮಾಡುವ ಒದೆತವೇ ಒಳಗಿಂದ ಬರುವುದಿಲ್ಲ, ತಮ್ಮ ಇಷ್ಟದ ಕೆಲಸಕ್ಕೂ ಬರುವುದಿಲ್ಲ. ಬೋಟಿನಲ್ಲಿ ಆ ಒದೆತವನ್ನು ತಾಂಡೇಲ ಕೊಡುತ್ತಿದ್ದ. ಖಿನ್ನತೆಯಲ್ಲೂ ಹೀಗೆಯೇ ಕೂರುತ್ತಾರೆ, ಆದರೆ ಅಲ್ಲಿ ದುಃಖ, ತನ್ನಿಂದ ಏನೂ ಆಗದು ಎಂಬ ಕೊರಗು ಇರುತ್ತದೆ. ಇವರನ್ನು ಕೇಳಿದರೆ "ಆರಾಮಿದ್ದೆ" ಎನ್ನುತ್ತಾರೆ. ಎರಡೂ ಒಟ್ಟಿಗಿರುವುದೂ ಉಂಟು. ಅದನ್ನು ಬೇರ್ಪಡಿಸುವುದು ಡಾಕ್ಟರ ಕೆಲಸ.

ಪರೀಕ್ಷೆ ಮಾಡಿ 'ಬುದ್ಧಿಮತ್ತೆ ಸರಿ ಇದೆ' ಎಂದರು. ಮತ್ತೆ ದುಡ್ಡು ಏಕೆ ಹಾಳು ಮಾಡುತ್ತಾರೆ?

ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಪ್ರಶ್ನೆ ಇನ್ನೊಬ್ಬರದು, ಹೊತ್ತು ಇನ್ನೊಬ್ಬರದು, ಉತ್ತರವೂ ಒಂದೇ. ಬದುಕು ಹಾಗಿಲ್ಲವಲ್ಲ. ಅಮೆರಿಕದ ಅಯೋವಾದಲ್ಲಿ ಆಂಟೋನಿಯೊ ಡಮಾಸಿಯೊ ಮತ್ತು ಅವರ ಸಹೋದ್ಯೋಗಿ 1985ರಲ್ಲಿ ವರದಿ ಮಾಡಿದ ರೋಗಿಯೊಬ್ಬ ಲೆಕ್ಕಪತ್ರದ ವೃತ್ತಿಯವನು. ಹಣೆಯಡಿಯ ಗಡ್ಡೆ ತೆಗೆದ ಮೇಲೆ ಬುದ್ಧಿಮತ್ತೆಯ ಅಂಕ ಮೇಲ್ಮಟ್ಟದಲ್ಲೇ ಇತ್ತು. ಆದರೆ ಯಾವ ಹೋಟೆಲಿಗೆ ಹೋಗುವುದೆಂದು ತೀರ್ಮಾನಿಸಲು ಗಂಟೆಗಟ್ಟಲೆ ಹೊಯ್ದಾಡುತ್ತಿದ್ದ, ಕೆಲಸ ಹೋಯಿತು, ಸಲ್ಲದ ವ್ಯವಹಾರಕ್ಕೆ ದುಡ್ಡು ಹಾಕಿ ದಿವಾಳಿಯಾದ, ಸಂಸಾರವೂ ಒಡೆಯಿತು. ಇದು ಸರಿಯಿಲ್ಲ ಎಂದು ನಮಗೆ ಎದೆಯಲ್ಲಿ ಒಂದು ಅಳುಕು ಹುಟ್ಟುತ್ತದಲ್ಲ, ಅದು ಯೋಚನೆಗೆ ತಲುಪುವ ದಾರಿ ಅಲ್ಲಿ ಕಡಿದಿತ್ತು ಎಂದು ಡಮಾಸಿಯೊ ವಿವರಿಸಿದರು. ವಿವರಣೆಯ ಬಗ್ಗೆ ವಿಜ್ಞಾನಿಗಳಲ್ಲಿ ವಾದವಿದೆ. ಇಂಥ ರೋಗಿಗಳಿರುವುದರಲ್ಲಿ ವಾದವಿಲ್ಲ.

ನಮ್ಮ ಕಡೆ ಇದು ಕಾಣಿಸಿಕೊಳ್ಳುವ ಜಾಗ ಮೂರು: ಸೊಸೈಟಿಯ ಸಾಲಕ್ಕೆ ಯಾರಿಗೋ ಜಾಮೀನು ಸಹಿ, ಓಸಿ ಎಂಬ ಮಟ್ಕಾ ಜೂಜಿನ ಚೀಟಿ, ಮತ್ತು ಫೋನಿನಲ್ಲಿ ಒತ್ತಿದರೆ ಹೋಗುವ ದುಡ್ಡು. ಬೈದು ಪ್ರಯೋಜನವಿಲ್ಲ. ಓಸಿ ಆಡಿದರೆ ದುಡ್ಡು ಹೋಗುತ್ತದೆಂದು ಅವರು ನಿಮಗೇ ಪಾಠ ಹೇಳಬಲ್ಲರು. ಸಂಜೆ ಅದೇ ಅಂಗಡಿಯ ಮುಂದೆ ನಿಂತಿರುತ್ತಾರೆ. ಯುಪಿಐ ಮಿತಿ ಇಳಿಸಿ, ಎಟಿಎಂ ಕಾರ್ಡು ಮನೆಯವರ ಹತ್ತಿರವಿರಲಿ, ಸೊಸೈಟಿಯಲ್ಲಿ ಗುರುತಿನವರಿಗೆ ಒಂದು ಮಾತು ಮೊದಲೇ ಹೇಳಿಡಿ. ಮರ್ಯಾದೆ ಹೋಗುತ್ತದೆಂದು ಅಂಜಿ ತೋಟವನ್ನೇ ಅಡ ಇಟ್ಟ ಮನೆ ನೋಡಿದ್ದೇನೆ.

ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದದ್ದು. ಮುಂಭಾಗ ಹೇಗೆ ಜಖಂ ಆಯಿತು?

ಮೆದುಳು ಬುರುಡೆಗೆ ಅಂಟಿಕೊಂಡಿಲ್ಲ, ನೀರಿನಲ್ಲಿ ತೇಲುತ್ತಿದೆ. ಹಿಂದಕ್ಕೆ ಬಿದ್ದಾಗ ತಲೆ ಥಟ್ಟನೆ ನಿಂತರೂ ಮೆದುಳು ಒಳಗೇ ತುಯ್ದಾಡಿ ಎದುರು ಬದಿಗೆ ಜಖಂ ಆಗುತ್ತದೆ. ಮುಂಭಾಗದ ಹಾಲೆ ಕೂತಿರುವ ನೆಲ, ಅಂದರೆ ಕಣ್ಣುಗುಳಿಯ ಚಾವಣಿ, ನುಣುಪಾಗಿಲ್ಲ. ತುರಿಮಣೆಯಂತೆ ಏಣು ಏಣು. ಅದರ ಮೇಲೆ ಮೆದುಳು ಉಜ್ಜುತ್ತದೆ. ವಾಸನೆಯ ನರದ ಎಳೆಗಳೂ ಅಲ್ಲೇ ಹಾದುಹೋಗುವುದರಿಂದ ಕೆಲವರಿಗೆ ವಾಸನೆಯೇ ಹೋಗುತ್ತದೆ. ಒಬ್ಬಾಕೆ ಹೇಳಿದ್ದು: "ಒಲೆ ಮೇಲೆ ಒಣಮೀನು ಕರಟಿ ಮನೆಯೆಲ್ಲ ಹೊಗೆ, ಇವರು ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರು." ಹೀಗಾದರೆ ಡಾಕ್ಟರಿಗೆ ತಪ್ಪದೆ ತಿಳಿಸಿ. ಗ್ಯಾಸ್ ಸೋರಿದರೂ ಅವರಿಗೆ ಗೊತ್ತಾಗುವುದಿಲ್ಲ.

ಲಕ್ವದಲ್ಲಿ ಮಾತು ಹೋಯಿತು. ಆದರೆ ಬೈಗುಳ ಮಾತ್ರ ಸ್ಪಷ್ಟ ಬರುತ್ತದಲ್ಲ?

ಮುಜುಗರಪಡಬೇಡಿ, ಇದು ಬಹಳ ಸಾಮಾನ್ಯ. ಎಡ ಹಾಲೆಯ ಕೆಳಭಾಗದಲ್ಲಿ ಮಾತು ಜೋಡಿಸುವ ಜಾಗವಿದೆ ಎಂದು ಪ್ಯಾರಿಸ್ಸಿನ ಪಾಲ್ ಬ್ರೋಕಾ 1861ರಲ್ಲಿ ತೋರಿಸಿದರು. ಅವರ ರೋಗಿಯ ಬಾಯಲ್ಲಿ ಉಳಿದಿದ್ದ ಮಾತು ಹೆಚ್ಚುಕಡಿಮೆ 'ತಾನ್' ಒಂದೇ. ಹೊಸದಾಗಿ ವಾಕ್ಯ ಕಟ್ಟುವುದು ಆ ಜಾಗದ ಕೆಲಸ. ಬಾಯಿಪಾಠವಾದದ್ದು, ಅಂದರೆ ಒಂದು ಎರಡು ಎಣಿಕೆ, ವಾರದ ಹೆಸರು, ಭಜನೆ, ಬೈಗುಳ, ಬೇರೆ ದಾರಿಯಲ್ಲೂ ಹೊರಬರುತ್ತದೆ. ಭಜನೆ ಹಾಡಬಲ್ಲವರಿಂದ ದಿನಾ ಹಾಡಿಸಿ, ಜೊತೆಗೆ ಸ್ಪೀಚ್ ಥೆರಪಿ ಬೇಗ ಶುರು ಮಾಡಿ.

ಮಗನಿಗೆ ಹದಿನೇಳು. ಪೆಟ್ಟೇನೂ ಆಗಿಲ್ಲ, ಆದರೂ ಬುದ್ಧಿ ನಿಲ್ಲುವುದಿಲ್ಲ. 25ರ ತನಕ ಮೆದುಳು ಬೆಳೆಯುವುದಿಲ್ಲವಂತೆ?

ಮುಂಭಾಗದ ಹಾಲೆ ಕೊನೆಗೆ ಹಣ್ಣಾಗುವ ಭಾಗಗಳಲ್ಲಿ ಒಂದು, ಅಷ್ಟು ನಿಜ. ನರತಂತುಗಳಿಗೆ ಕೊಬ್ಬಿನ ಹೊದಿಕೆ ಬರುವುದೂ ಬೇಡದ ಕೊಂಡಿಗಳನ್ನು ಕತ್ತರಿಸುವುದೂ ಇಪ್ಪತ್ತರ ನಂತರವೂ ನಡೆಯುತ್ತಿರುತ್ತದೆ. 25 ಎನ್ನುವುದು ಮಾತ್ರ ಗೆರೆಯಲ್ಲ. ಹುಟ್ಟುಹಬ್ಬದ ದಿನ ವಿವೇಕ ಬರುವುದಿಲ್ಲ.

2005ರ ಒಂದು ಅಮೆರಿಕನ್ ಪ್ರಯೋಗದಲ್ಲಿ ಕಂಪ್ಯೂಟರಿನ ಕಾರು ಆಟ ಆಡಿಸಿದರು. ಗೆಳೆಯರು ಪಕ್ಕದಲ್ಲಿ ನೋಡುತ್ತಿದ್ದರೆ ಹದಿಹರೆಯದವರು ಹೆಚ್ಚು ಅಪಾಯಕ್ಕೆ ಕೈಹಾಕಿದರು, ದೊಡ್ಡವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಮಗ ಒಬ್ಬನೇ ಇರುವಾಗ ದೇವಿಮನೆ ಘಟ್ಟದಲ್ಲಿ ಬಹುಶಃ ಸರಿಯಾಗಿಯೇ ಬೈಕು ಇಳಿಸುತ್ತಾನೆ. ಹಿಂದೆ ಇಬ್ಬರು ಕೂತಾಗಲೇ ಭಯ. ಉಪದೇಶಕ್ಕಿಂತ ಇದನ್ನೇ ನಿಯಮ ಮಾಡಿ: ಲೈಸೆನ್ಸ್ ಬರುವ ತನಕ ಕೀಲಿ ಇಲ್ಲ, ಬಂದ ಮೇಲೂ ತ್ರಿಬಲ್ ಇಲ್ಲ, ಹೆಲ್ಮೆಟ್ಟಿನ ಪಟ್ಟಿ ಕಟ್ಟದೆ ಹೊರಡುವಂತಿಲ್ಲ. ನಮ್ಮೂರಲ್ಲಿ ಪೊಲೀಸರು ಕಂಡಾಗ ತಲೆಗೇರುವ ಆ ಅರ್ಧ ಟೋಪಿಯನ್ನು ನಾನು ಹೆಲ್ಮೆಟ್ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಐವತ್ತೈದಕ್ಕೇ ಅಪ್ಪನ ಸ್ವಭಾವ ಬದಲಾಗುತ್ತಿದೆ. ಪೆಟ್ಟೂ ಇಲ್ಲ, ಲಕ್ವವೂ ಇಲ್ಲ.

ವಯಸ್ಸಿನ ಮೇಲೆ ಹಾಕಿ ಬಿಡಬೇಡಿ. ಮುಂಭಾಗದ ಹಾಲೆಯೂ ಕಿವಿಯ ಬದಿಯ ಹಾಲೆಯೂ ನಿಧಾನಕ್ಕೆ ಸವೆಯುವ ಫ್ರಂಟೋಟೆಂಪೊರಲ್ ಡಿಮೆನ್ಶಿಯಾ ಎಂಬ ಕಾಯಿಲೆಯಿದೆ. ಇದನ್ನು ಮೊದಲು ಗುರುತಿಸಿದ್ದು 1892ರಲ್ಲಿ, ಪ್ರಾಗ್‌ನ ಆರ್ನಾಲ್ಡ್ ಪಿಕ್. ಹೆಚ್ಚಾಗಿ 45ರಿಂದ 65ರ ನಡುವೆ ಶುರುವಾಗುತ್ತದೆ. ಮರೆವು ಮೊದಲಿಗೆ ಇರದೇ ಇರಬಹುದು, ಅದಕ್ಕೇ ಮನೆಯವರು ಮೋಸಹೋಗುತ್ತಾರೆ. ಮನೆಯಲ್ಲಿ ಯಾರೋ ಅತ್ತರೂ ಕರಗದಿರುವುದು, ಸಿಹಿಗೆ ವಿಪರೀತ ಆಸೆ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ಅಂಗಡಿಯಲ್ಲಿ ದುಡ್ಡು ಕೊಡದೆ ಎತ್ತಿಕೊಂಡು ಬರುವುದು ಇವು ಮುಂದೆ ಬರುತ್ತವೆ. ಗುಣಪಡಿಸುವ ಔಷಧಿ ಈಗಿಲ್ಲ. ಆದರೂ ಬೇಗ ತಿಳಿದರೆ ಆಸ್ತಿಪತ್ರ, ಬ್ಯಾಂಕು, ವಾಹನದ ವಿಷಯ ಅವರಿಗಿನ್ನೂ ತಿಳಿವಳಿಕೆ ಇರುವಾಗಲೇ ಸರಿಮಾಡಿಕೊಳ್ಳಬಹುದು. ಥೈರಾಯ್ಡ್, ಬಿ12 ಕೊರತೆ, ಗಡ್ಡೆ, ಖಿನ್ನತೆಯಲ್ಲೂ ಸ್ವಭಾವ ಬದಲಾಗುತ್ತದೆ, ಅವಕ್ಕೆ ಚಿಕಿತ್ಸೆ ಇದೆ. ಹಾಗಾಗಿ ಮೊದಲು ತೋರಿಸಿ.

ಆಪರೇಶನ್ ಮಾಡಿ ಸಿಟ್ಟು ತೆಗೆಸಬಹುದೇ?

ಹಿಂದೆ ಮಾಡಿದ್ದರು. 1935ರಲ್ಲಿ ಲಿಸ್ಬನ್ನಿನ ಎಗಾಸ್ ಮೊನಿಜ್ ಮುಂಭಾಗದ ಹಾಲೆಯ ತಂತುಗಳನ್ನು ಕಡಿಸುವ ಶಸ್ತ್ರಚಿಕಿತ್ಸೆ ಆರಂಭಿಸಿದರು, 1949ರಲ್ಲಿ ಅದಕ್ಕೆ ನೊಬೆಲ್ ಬಂತು. ಅಮೆರಿಕದ ವಾಲ್ಟರ್ ಫ್ರೀಮನ್ ಕಣ್ಣಿನ ಮೇಲಿಂದ ಚೂಪು ಸಲಾಕೆ ತೂರಿಸುವ ತನಕ ಹೋದರು. ಸಿಟ್ಟು ಹೋಯಿತು, ಅದರ ಜೊತೆ ಆಸೆ, ಆಸಕ್ತಿ, ಮನುಷ್ಯನೇ ಹೋದ. ಈಗ ಇದನ್ನು ಮಾಡುವುದಿಲ್ಲ.

ಒಂದೆಲಗದ ತಂಬುಳಿ ಮೆದುಳಿಗೆ ಒಳ್ಳೆಯದಂತೆ, ಕೊಡಬಹುದೇ?

ಊಟಕ್ಕೆ ಚೆನ್ನ, ದಿನಾ ಉಣ್ಣಿ. ಅದನ್ನು ನಂಬಿ ಫಿಟ್ಸ್ ಮಾತ್ರೆ ನಿಲ್ಲಿಸಬೇಡಿ.

ಮನೆಯಲ್ಲಿ ನಾವೇನು ಮಾಡಬೇಕು?

ತಾಂಡೇಲ ಮಾಡಿದ್ದನ್ನೇ. ಒಳಗಿಲ್ಲದ್ದನ್ನು ಹೊರಗಿಂದ ಕೊಡುವುದು. "ಸ್ನಾನ ಮಾಡಿ, ತಿಂಡಿ ತಿಂದು, ಮಾತ್ರೆ ತಗೊಂಡು ಬನ್ನಿ" ಎಂದರೆ ಮೂರು ಕೆಲಸ, ಅವರು ಬಚ್ಚಲಿನ ಬಾಗಿಲಲ್ಲೇ ನಿಂತುಬಿಡುತ್ತಾರೆ. ಒಂದು ಹೇಳಿ, ಅದು ಮುಗಿದ ಮೇಲೆ ಇನ್ನೊಂದು. "ಏನು ತಿಂತೀರಿ?" ಎನ್ನಬೇಡಿ, "ದೋಸೆಯೋ ಅವಲಕ್ಕಿಯೋ?" ಎನ್ನಿ. ದಿನದ ಪಟ್ಟಿಯನ್ನು ಅವರು ಕೂರುವ ಜಾಗದ ಎದುರಿಗೇ ದಪ್ಪ ಅಕ್ಷರದಲ್ಲಿ ಬರೆದು, ಮಾಡಿದ್ದಕ್ಕೆ ಅವರ ಕೈಯಲ್ಲೇ ಗೀಟು ಹಾಕಿಸಿ. ಫೋನಿನ ಅಲಾರಾಂ ಮನೆಯವರ ಬಾಯಿಗಿಂತ ಒಳ್ಳೆಯದು, ಅದರ ಮೇಲೆ ಅವರಿಗೆ ಸಿಟ್ಟು ಬರುವುದಿಲ್ಲ.

ಸಿಟ್ಟು ಏರಿದಾಗ ವಾದಕ್ಕೆ ಇಳಿಯಬೇಡಿ. ಅವರನ್ನು ಆ ಜಾಗದಿಂದ ಎಬ್ಬಿಸಿ, ಇಲ್ಲವೇ ನೀವೇ ಎದ್ದು ಹೋಗಿ. ಸಂಜೆಯ ಹೊತ್ತಿಗೆ, ನಿದ್ದೆಗೆಟ್ಟ ಮರುದಿನ, ಮದುವೆಮನೆಯ ಗದ್ದಲದಲ್ಲಿ ಇದು ಹೆಚ್ಚು. ಸಾರಾಯಿ, ಬಿಯರು ಒಂದು ಗುಟುಕೂ ಬೇಡ. ಗಟ್ಟಿ ಮೆದುಳಿನಲ್ಲೇ ಮದ್ಯ ಮೊದಲು ಸಡಿಲಿಸುವುದು ಈ ಕಡಿವಾಣವನ್ನು, ಇವರದು ಆಗಲೇ ಸಡಿಲ. ಫಿಟ್ಸ್ ಭಯವೂ ಇದೆ. ಬೈಕು, ಮರ, ಬೋಟು ಡಾಕ್ಟರು ಒಪ್ಪುವ ತನಕ ದೂರ.

ನೋಡಿಕೊಳ್ಳುವವರೂ ವಾರಕ್ಕೆ ಒಂದು ಮಧ್ಯಾಹ್ನ ಮನೆ ಬಿಟ್ಟು ಹೋಗಬೇಕು. ತವರಿಗೆ ಹೋಗಿ, ಸುಮ್ಮನೆ ಪೇಟೆಗೆ ಹೋಗಿ. ಇದನ್ನು ಹೇಳಿದರೆ ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ.

ಎಷ್ಟು ದಿನಕ್ಕೆ ಸರಿಯಾಗುತ್ತಾರೆ?

ಪೆಟ್ಟಿನ ಮೊದಲ ಆರು ತಿಂಗಳು ಚೇತರಿಕೆ ಚುರುಕು, ಆಮೇಲೆ ನಿಧಾನ, ಎರಡು ವರ್ಷದ ನಂತರವೂ ಸಣ್ಣ ಸಣ್ಣದು ಬರುತ್ತಿರುತ್ತದೆ. ಪೂರ್ತಿ ಮೊದಲಿನ ಹಾಗೆ ಆಗುತ್ತಾರಾ ಎಂದರೆ, ತೀವ್ರ ಪೆಟ್ಟಿನಲ್ಲಿ ಹೆಚ್ಚಿನವರು ಆಗುವುದಿಲ್ಲ. ಇದನ್ನು ಸುತ್ತಿಬಳಸಿ ಹೇಳಿ ಕೆಲವು ಮನೆಗಳಿಗೆ ನಾನೇ ಅನ್ಯಾಯ ಮಾಡಿದ್ದೇನೆ.

ಯಾರಿಗೆ ತೋರಿಸಬೇಕು, ಹೋಗುವಾಗ ಏನು ಒಯ್ಯಬೇಕು?

ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ಫಿಟ್ಸ್, ಒಂದು ಕಡೆ ಕೈಕಾಲು ಸೋತದ್ದು ಇದ್ದರೆ ಯೋಚಿಸಬೇಡಿ, 108ಕ್ಕೆ ಕರೆ ಮಾಡಿ. ಉಳಿದಂತೆ ನ್ಯೂರಾಲಜಿಸ್ಟ್ ಅಥವಾ ಮನೋವೈದ್ಯರು. ನಮ್ಮ ಜಿಲ್ಲೆಯವರು ಇದಕ್ಕೆ ಸಾಮಾನ್ಯವಾಗಿ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಹೋಗುತ್ತಾರೆ. ಮನಸ್ಸು ಮತ್ತು ನರದ ಕಾಯಿಲೆಗಳಿಗೆಂದೇ ಇರುವ ಸರ್ಕಾರಿ ಸಂಸ್ಥೆಗಳಾದ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ನೋಡಿಕೊಳ್ಳುವವರಿಗೇ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಡಾಕ್ಟರ ಕೋಣೆಯಲ್ಲಿ ನಿಮ್ಮವರು ಅತ್ಯಂತ ಸಭ್ಯರಾಗಿ ಕೂರುತ್ತಾರೆ. ಅಲ್ಲಿ ಪ್ರಶ್ನೆ ಕೇಳುವವರು ಇನ್ನೊಬ್ಬರು, ಹತ್ತು ನಿಮಿಷದ ಕೆಲಸ. "ಏನೂ ತೊಂದರೆ ಇಲ್ಲ, ಇವಳದೇ ಗಾಬರಿ" ಎನ್ನುತ್ತಾರೆ. ಸುಳ್ಳಲ್ಲ, ಅವರಿಗೆ ಕಾಣುವುದೇ ಅಷ್ಟು, ತನ್ನ ಬದಲಾವಣೆಯನ್ನು ತಾನೇ ನೋಡುವುದೂ ಆ ಹಾಲೆಯದೇ ಕೆಲಸ. ಅದಕ್ಕೇ ಮನೆಯಿಂದ ಹೊರಡುವ ಮೊದಲು ಒಂದು ಚೀಟಿ ಬರೆದುಕೊಳ್ಳಿ: ಮೊದಲು ಹೇಗಿದ್ದರು, ಈಗ ಏನು, ಯಾವಾಗಿನಿಂದ, ಎರಡು ಮೂರು ನಡೆದ ಘಟನೆ, ತಾರೀಖಿನ ಸಮೇತ. ಅದನ್ನು ಅವರ ಎದುರಿಗೆ ಓದಬೇಡಿ. ಒಳಗೆ ಹೋಗುವ ಮೊದಲೇ ನರ್ಸಿನ ಕೈಗೆ ಕೊಟ್ಟು, ಡಾಕ್ಟರು ನೋಡಲಿ ಎನ್ನಿ.